ಅತ್ತೆಯ ಕಂಪ್ಯೂಟರಿಗೆ ಅಳಿಯನ ಚಿಕಿತ್ಸೆ

ನಮ್ಮನೆಯವರು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಡಾಕ್ಟರಲ್ಲ. ಈ ಮಾತನ್ನು ನಾನು ಆಗಾಗ ಹೇಳುತ್ತಲೇ ಇರಬೇಕಾಗುತ್ತದೆ, ಹೆಚ್ಚಾಗಿ ಅವರಿಗೇ.

ಕೌಂಟರಿನ ಆಚೆ ನಿಂತು ಚೀಟಿ ಓದಿ ಮಾತ್ರೆ ಕೊಟ್ಟು ಕೊಟ್ಟು ಅವರಿಗೆ ಎರಡು ಅಭ್ಯಾಸ ಅಂಟಿಕೊಂಡಿವೆ. ಒಂದು, ಲೋಕದಲ್ಲಿ ಏನು ಕೆಟ್ಟರೂ ಅದಕ್ಕೊಂದು ಔಷಧಿ ಇದ್ದೇ ಇದೆ, ಗುಣ ಕಾಣಲಿಲ್ಲ ಅಂದರೆ ಡೋಸು ಏರಿಸಿದರಾಯಿತು ಅನ್ನುವುದು. ನಡುಮನೆಯ ಗಡಿಯಾರ ಸ್ವಲ್ಪ ಹಿಂದೆ ಬೀಳುತ್ತಿತ್ತು. ಇವರು ಚಿಕಿತ್ಸೆ ಕೊಟ್ಟರು. ಈಗ ಅದು ಇಡೀ ಬೀದಿಗಿಂತ ಮುಂಚೆ ನಮ್ಮನ್ನು ಊಟಕ್ಕೆ ಎಬ್ಬಿಸುತ್ತದೆ. ಎರಡನೇ ಅಭ್ಯಾಸ, ಚೀಟಿ ನೋಡುತ್ತಾರೆಯೇ ಹೊರತು ಚೀಟಿ ಹಿಡಿದು ನಿಂತವರ ಮುಖ ನೋಡುವುದಿಲ್ಲ. ಒಂದು ಸಲ ನಾನೇ ತಲೆನೋವಿನ ಮಾತ್ರೆಗೆ ಹೋಗಿದ್ದೆ. "ಊಟ ಆದ್ಮೇಲೆ ತಗೊಳ್ಳಿ ಮೇಡಂ, ಮುಂದಿನೋರು ಬನ್ನಿ" ಅಂದರು. ಬೀದಿಯವರೆಲ್ಲ ಇವರನ್ನು ಮಾತ್ರೆ ಸಾಹೇಬರು ಅಂತಲೇ ಕರೆಯುವುದು.

ಅಪ್ಪ ಹೋದ ಮೇಲೆ ಅಮ್ಮ ನಮ್ಮ ಮನೆಗೆ ಬಂದಳು. "ಒಂದಷ್ಟು ದಿನ ಇದ್ದು ನೋಡ್ತೀನಿ" ಅಂದಳೇ ಹೊರತು ಉಳಿಯುತ್ತೇನೆ ಅನ್ನಲಿಲ್ಲ. ಅವಳು ಇಲ್ಲೇ ಉಳಿಯಲಿ ಅಂತ ನನಗೆ ಎಷ್ಟು ಆಸೆಯಿತ್ತೋ, ನಮ್ಮನೆಯವರಿಗೆ ಅದಕ್ಕಿಂತ ಒಂದು ಗುಲಗಂಜಿ ಜಾಸ್ತಿಯೇ ಇತ್ತು. ಅವರಿಗೆ ಬುದ್ಧಿ ಬರುವ ಮುಂಚೆಯೇ ತಾಯಿ ಹೋಗಿದ್ದರು. ಮನೆಯಲ್ಲಿ ದೊಡ್ಡವರು ಅಂತ ಒಬ್ಬರಿರಬೇಕು, ಹೊರಗೆ ಹೊರಟಾಗ "ಹುಷಾರಪ್ಪಾ" ಅನ್ನಬೇಕು ಅನ್ನುವುದು ಅವರ ಎಷ್ಟೋ ವರ್ಷದ ಹಂಬಲ. ಹಾಗಂತ ಬಾಯಿಬಿಟ್ಟು ಹೇಳುತ್ತಾರೆಯೇ? ಊಹೂಂ. ಅಮ್ಮನ ಕೋಣೆಯ ಬಾಗಿಲು ಕಿರುಗುಟ್ಟದ ಹಾಗೆ ಅದಕ್ಕೆ ದಿನಾ ಎಣ್ಣೆ ಬಿಡುತ್ತಿದ್ದರು. ಎಣ್ಣೆ ಹೆಚ್ಚಾಗಿ ಒಂದು ದಿನ ಅಮ್ಮನೇ ಜಾರುವುದರಲ್ಲಿದ್ದಳು.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ರಿಟೈರ್ ಆದವಳು. ಟ್ರಂಕ್ ಕಾಲ್ ಬುಕ್ ಮಾಡಿ ಜನ ಫೋನಿನ ಮುಂದೆ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಅದು. ಬರುವಾಗ ಬಟ್ಟೆಯ ಜೊತೆಗೆ ಅಪ್ಪ ಕೊಂಡಿದ್ದ ಹಳೇ ಕಂಪ್ಯೂಟರನ್ನೂ ತಂದಿದ್ದಳು. ಅದರಲ್ಲಿ ಅವಳು ಮಾಡುತ್ತಿದ್ದುದು ಒಂದೇ ಕೆಲಸ, ಸಂಜೆ ಒಂದು ಆಟ ಇಸ್ಪೀಟು. ಒಬ್ಬರೇ ಕೂತು ಎಲೆ ಜೋಡಿಸುವ ಆಟ.

ಆದರೆ ಆ ಕಂಪ್ಯೂಟರ್ ಎದ್ದೇಳುವುದಿದೆಯಲ್ಲ, ಅಬ್ಬಬ್ಬಾ! ಗುಂಡಿ ಒತ್ತಿದರೆ ಮೊದಲು ಗುರ್ರ್ ಅನ್ನುತ್ತಿತ್ತು. ಆಮೇಲೆ ಕಪ್ಪು ಪರದೆಯ ಮೇಲೆ, ಇವತ್ತು ಯಾವ ತಾರೀಖು ಅಂತ ನನಗೆ ಮರೆತುಹೋಗಿದೆ, ಒಂದು ಕೀಲಿ ಒತ್ತಿದರೆ ಮುಂದೆ ಹೋಗುತ್ತೇನೆ ಅಂತ ಇಂಗ್ಲಿಷಿನಲ್ಲಿ ಬರುತ್ತಿತ್ತು. ಒತ್ತಬೇಕು. ಸ್ವಲ್ಪ ಹೊತ್ತು ಬಿಟ್ಟು ಇನ್ನೇನೋ ಕೇಳುತ್ತಿತ್ತು. ಅದಕ್ಕೂ ಒತ್ತಬೇಕು. ಮಧ್ಯೆ ಎದ್ದುಹೋದರೆ ಮುನಿಸಿಕೊಂಡು ಮೊದಲಿನಿಂದ ಶುರು. ಹಾಗಾಗಿ ಸಂಜೆ ನಮ್ಮನೆಯವರು ಅಂಗಡಿಯಿಂದ ಬಂದು ಕೈಕಾಲು ತೊಳೆಯುವುದೇ ತಡ, ಅಮ್ಮ ಕರೆಯುತ್ತಿದ್ದಳು.

"ಅಳಿಯಂದ್ರೇ, ಬಿಡುವಾಗಿದ್ರೆ ಸ್ವಲ್ಪ ಅದನ್ನ ಎಬ್ಬಿಸಿಕೊಡ್ತೀರಾ?"

ಎರಡು ಸ್ಟೂಲು ಹಾಕಿಕೊಂಡು ಇಬ್ಬರೂ ಪರದೆಯ ಮುಂದೆ ಕೂರುತ್ತಿದ್ದರು. ಇವರ ಬೆರಳು ಕೀಲಿಯ ಮೇಲೆ ಸಿದ್ಧವಾಗಿ ಇರುತ್ತಿತ್ತು. ಅಮ್ಮ ಎಕ್ಸ್‌ಚೇಂಜಿನ ಕಥೆ ತೆಗೆಯುತ್ತಿದ್ದಳು. ಜಗಳ ಆಡಿಕೊಂಡಿದ್ದ ಅಣ್ಣತಮ್ಮಂದಿರು ಒಂದೇ ಹೊತ್ತಿಗೆ ಒಬ್ಬರಿಗೊಬ್ಬರು ಕಾಲ್ ಬುಕ್ ಮಾಡಿ, ಇಬ್ಬರಿಗೂ ಲೈನ್ ಬಿಜಿ ಅಂತ ಬಂದು, "ನೋಡಿ ಮೇಡಂ, ಬೇಕಂತಲೇ ಫೋನ್ ತೆಗೆದಿಟ್ಟಿದಾನೆ!" ಅಂತ ಇಬ್ಬರೂ ಅಮ್ಮನ ಹತ್ತಿರವೇ ದೂರಿದ್ದು, ಇಂಥವು. ಅಡುಗೆಮನೆಗೆ ಇವರ ನಗು ಕೇಳಿಸುತ್ತಿತ್ತು. ನಾನು ಅಲ್ಲಿಂದಲೇ "ಇನ್ನೂ ಏಳ್ಲಿಲ್ವಾ ಆ ಕುಂಭಕರ್ಣ?" ಅಂತ ಕೂಗುತ್ತಿದ್ದೆ. ಕೊನೆಗೆ ಅದು ಎದ್ದು ಎಲೆ ಹಾಸಿದರೆ, ಅಮ್ಮ ಚಕಚಕ ಒಂದು ಆಟ ಆಡಿ ಮುಗಿಸಿ ಎದ್ದುಬಿಡುತ್ತಿದ್ದಳು.

ಹೀಗಿರುವಾಗ ಅಕ್ಕನ ಮನೆಯಿಂದ ಫೋನ್ ಬಂತು. ಎತ್ತಿದ್ದು ನಮ್ಮನೆಯವರು, ಮಾತಾಡಿದ್ದು ಭಾವ. ಭಾವ ಅಂದರೆ ಅಕ್ಕನ ಗಂಡ, ನಮ್ಮನೆಯವರಿಗೆ ಷಡ್ಡಕ. ಒಳ್ಳೆಯ ಮನುಷ್ಯ, ಆದರೆ ಅವರ ಮನೆಯ ವಸ್ತುಗಳೆಲ್ಲ ನಮ್ಮ ಮನೆಯ ವಸ್ತುಗಳಿಗಿಂತ ಯಾವಾಗಲೂ ಒಂದು ಕೈ ಮೇಲು.

"ಆ ಡಬ್ಬಾನ ಇನ್ನೂ ಇಟ್ಕೊಂಡಿದೀರಾ? ಹೋದ್ಸಲ ಬಂದಾಗ ಅದು ಶುರುವಾಗೋ ಅಷ್ಟರಲ್ಲಿ ನನ್ನ ಊಟ ಮುಗಿದು ಒಂದು ನಿದ್ದೆನೂ ಮುಗೀತಲ್ರೀ! ಪಾಪ ಅತ್ತೆ. ಇಲ್ಲಿ ಅವರಿಗಂತಲೇ ಒಂದು ಕೋಣೆ ಮಾಡಿಸಿದೀನಿ. ಹೊಸ ಕಂಪ್ಯೂಟರ್ ಬಂದಿದೆ, ಮುಟ್ಟೋದೇ ತಡ ಓಡುತ್ತೆ. ಭಾನುವಾರ ಕಾರು ತರ್ತೀವಿ. ಅತ್ತೆ ಹೂಂ ಅಂದ್ರೆ ಅವತ್ತೇ ಕರ್ಕೊಂಡು ಬಂದುಬಿಡ್ತೀವಿ."

ಫೋನ್ ಹಿಡಿದೇ ಇವರು ವಿಷಯ ತಿಳಿಸಿದರೆ ಅಮ್ಮ, "ನೋಡೋಣ" ಅಂದಳು. ಅಮ್ಮನ ನೋಡೋಣ ಯಾವ ಕಡೆ ವಾಲುತ್ತದೆ ಅಂತ ಅಪ್ಪನಿಗೇ ಕೊನೆವರೆಗೂ ಗೊತ್ತಾಗಿರಲಿಲ್ಲ.

ನಮ್ಮನೆಯವರ ಮುಖ ಮಾತ್ರ ಕಪ್ಪಿಟ್ಟಿತು. ಫೋನ್ ಇಟ್ಟವರೇ ಕಂಪ್ಯೂಟರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇದೇ ಕಣೇ ಕಾರಣ. ಅತ್ತೆ ದಿನಾ ಇದರ ಮುಂದೆ ಕಾದು ಕಾದು ಬೇಜಾರಾಗಿದಾರೆ. ಬಾಯಿಬಿಟ್ಟು ಹೇಳೋ ಸ್ವಭಾವ ಅಲ್ಲ ಅವರದ್ದು. ಭಾನುವಾರದೊಳಗೆ ಇದನ್ನ ಕುದುರೆ ಥರ ಓಡಿಸ್ತೀನಿ, ನೋಡ್ತಿರು!"

"ಅಮ್ಮನ್ನೇ ಒಂದು ಮಾತು ಕೇಳಬಾರದೇನ್ರೀ?"

"ಲಕ್ಷಣ ಕಣ್ಣಿಗೆ ಹೊಡೆದು ಕಾಣ್ತಿರೋವಾಗ ಕೇಳೋದೇನು?"

ಅಂಗಡಿಗೆ ಕೆಮ್ಮಿನ ಔಷಧಿಗೆ ಬಂದ ಕಂಪ್ಯೂಟರ್ ರಿಪೇರಿಯವರೊಬ್ಬರು ದಾರಿ ಹೇಳಿಕೊಟ್ಟರಂತೆ. ಯಂತ್ರ ಗಟ್ಟಿಮುಟ್ಟಾಗಿಯೇ ಇದೆ, ಅದರ ಮೇಲೆ ಕೂರಿಸಿರುವ ಸಾಫ್ಟ್‌ವೇರಿನ ಭಾರ ಜಾಸ್ತಿ. ಆ ಭಾರವನ್ನೆಲ್ಲ ಇಳಿಸಿ ಲಿನಕ್ಸ್ ಅನ್ನುವ ಹಗುರದ್ದನ್ನು ಹಾಕಿದರೆ ಹಳೇ ಕಂಪ್ಯೂಟರ್ ಎದ್ದು ಓಡುತ್ತದೆ ಅಂತ ಹೇಳಿ, ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಪುಕ್ಕಟೆಯಾಗಿಯೇ ಕೊಟ್ಟರು. ನಮ್ಮನೆಯವರು ಅದನ್ನು ಮಾತ್ರೆಯ ಕವರಿನಲ್ಲಿ ಹಾಕಿಕೊಂಡು ಬಂದರು. ಕವರಿನ ಮೇಲೆ ಅಭ್ಯಾಸಬಲದಿಂದ "ಖಾಲಿ ಹೊಟ್ಟೆಯಲ್ಲಿ" ಅಂತ ಬರೆದಿತ್ತು.

ಇಷ್ಟರಲ್ಲಿ ಮಹಡಿ ಮನೆಯಲ್ಲಿರುವ ಭೂಗೋಳದ ಮೇಷ್ಟ್ರಿಗೆ ಸುದ್ದಿ ಮುಟ್ಟಿ ಅವರು ಇಳಿದು ಬಂದರು. ರಿಟೈರ್ ಆಗಿದ್ದಾರೆ, ಆದರೆ ಪಾಠ ನಿಲ್ಲಿಸಿಲ್ಲ.

"ಪುಕ್ಕಟೆನಾ? ಯಾರು ಕೊಟ್ಟಿದ್ದು?"

"ಯಾರೋ ಒಬ್ಬರು ಕೊಟ್ಟಿದ್ದಲ್ಲ ಮೇಷ್ಟ್ರೇ. ಲೋಕದ ಮೂಲೆ ಮೂಲೆಯಲ್ಲಿ ಕೂತು ಎಷ್ಟೋ ಜನ ಸೇರಿ ಮಾಡಿದ್ದಂತೆ. ಬೇಕಾದೋರು ತಗೋಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಪಕ್ಕದೋರಿಗೂ ಕೊಡಬಹುದು."

"ಅಂದ್ರೆ ಇದಕ್ಕೆ ಯಜಮಾನ ಅಂತ ಇಲ್ಲ?"

"ಇಲ್ಲ."

"ಯಜಮಾನ ಇಲ್ದೇ ನಡೆಯೋದು ಹೇಗ್ರೀ?"

ಹೊಲಿಗೆ ಮೆಷಿನ್ ತುಳಿಯುತ್ತಿದ್ದ ನಾನು, "ನಮ್ಮನೆ ನಡೀತಿಲ್ವಾ ಮೇಷ್ಟ್ರೇ?" ಅಂದೆ. ನಮ್ಮನೆಯವರು ಕೇಳಿಸದವರ ಹಾಗೆ ಕೆಮ್ಮಿದರು.

ಅವರ ವಾರದ ರಜೆಯ ದಿನ ಚಿಕಿತ್ಸೆ ಶುರುವಾಯಿತು. "ಅತ್ತೆ, ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಬೇಕಾಗಿರೋದು ಏನಾದ್ರೂ ಇದೆಯಾ?" ಅಂತ ಕೇಳಿದರು. "ಇಸ್ಪೀಟು ಬಿಟ್ರೆ ಏನಿಲ್ಲ ಅಳಿಯಂದ್ರೇ. ಯಾಕೆ ಸುಮ್ನೆ ತೊಂದರೆ ತಗೋತೀರಾ?" ಅಂದಳು ಅಮ್ಮ. ಅಯ್ಯೋ, ಎಷ್ಟು ಸಂಕೋಚ ನೋಡು ಪಾಪ ಅಂತ ಇವರ ಉತ್ಸಾಹ ಇಮ್ಮಡಿಯಾಯಿತು.

ಲಿನಕ್ಸ್ ಮೊಟ್ಟಮೊದಲು ಕೇಳುವುದು, ನಿಮ್ಮ ಭಾಷೆ ಯಾವುದು ಅಂತ. ಉದ್ದದ ಪಟ್ಟಿ. ಇವರು ಬಾಣದ ಗುಂಡಿ ಒತ್ತುತ್ತಾ ಹೋಗುತ್ತಿದ್ದಾಗ ಮೇಷ್ಟ್ರು "ಅಯ್ಯಯ್ಯೋ, ನಿಲ್ಲಿ!" ಅಂತ ಕಿರುಚಿದರು. ಇವರು ಬೆಚ್ಚಿಬಿದ್ದು ಎಂಟರ್ ಒತ್ತಿಬಿಟ್ಟರು. ಮೇಷ್ಟ್ರು ಕಿರುಚಿದ್ದು ಟೀ ಆರುತ್ತಿದೆ ಅಂತ ನೆನಪಾಗಿ. ಪರದೆಯ ತುಂಬ ನಾವು ಯಾರೂ ಹುಟ್ಟಿದ ಮೇಲೆ ನೋಡಿರದ ಅಕ್ಷರಗಳು ಮೂಡಿದವು.

ಮೇಷ್ಟ್ರು ಕನ್ನಡಕ ಏರಿಸಿ ಹತ್ತಿರ ಬಗ್ಗಿದರು. "ಇದು ದ್ವೀಪದೋರ ಲಿಪಿ. ನೋಡಿ, ಅಲೆ ಅಲೆಯಾಗಿದೆ."

"ಹೌದಾ?"

"ತಾಳಿ ತಾಳಿ. ಇಲ್ನೋಡಿ, ಈ ಅಕ್ಷರದ ಮೇಲೆ ಶಿಖರ ಇದೆ. ಬೆಟ್ಟದೋರದ್ದು."

"ದ್ವೀಪನಾ, ಬೆಟ್ಟನಾ?"

"ಬೆಟ್ಟ ಇರೋ ದ್ವೀಪ ಇರಲ್ವೇನ್ರೀ?"

ಹಿಂದಕ್ಕೆ ಹೋಗುವುದು ಹೇಗಂತ ಗೊತ್ತಿಲ್ಲ, ಕಂಪ್ಯೂಟರನ್ನೇ ಆಫ್ ಮಾಡಿದರೆ ಕೆಟ್ಟೀತು ಅಂತ ಭಯ. ಪ್ರತಿ ಪ್ರಶ್ನೆಗೂ ಕೆಳಗೆ ಎರಡು ಗುಂಡಿ. ಯಾವುದು ಹೂಂ, ಯಾವುದು ಊಹೂಂ, ದೇವರಿಗೇ ಗೊತ್ತು. ನಮ್ಮನೆಯವರು ಗಂಭೀರವಾಗಿ, "ಉದ್ದ ಇರೋದನ್ನೇ ಒತ್ತೋಣ. ಚೀಟಿ ಅರ್ಥ ಆಗದಿದ್ದಾಗ ನಾವು ಉದ್ದ ಹೆಸರಿನ ಔಷಧೀನೇ ಕೊಡೋದು" ಅಂದರು.

ನನ್ನ ಕಾಲು ಮೆಷಿನ್ ಮೇಲೆ ಹಾಗೇ ನಿಂತಿತು. "ರೀ, ನಿಜವಾಗ್ಲೂ ಹಾಗೆ ಕೊಡ್ತೀರಾ?"

"ತಮಾಷೆಗಂದೆ ಕಣೇ!" ಅಂದರು. ಅವತ್ತಿನಿಂದ ಮೇಷ್ಟ್ರು ತಮ್ಮ ಬಿ.ಪಿ. ಮಾತ್ರೆಯನ್ನು ಬೇರೆ ಅಂಗಡಿಯಲ್ಲಿ ತರುತ್ತಿದ್ದಾರೆ.

ಉದ್ದದ ಗುಂಡಿಗಳ ಪುಣ್ಯದಿಂದ ಅಂತೂ ಕಂಪ್ಯೂಟರ್ ಎದ್ದಿತು. ಆದರೆ ಪೂರ್ತಿ ಪರಕೀಯವಾಗಿ ಎದ್ದಿತು. ಗಡಿಯಾರ ಆಗಲೇ ನಾಳೆಗೆ ಹೋಗಿತ್ತು. ಏನು ಮುಟ್ಟಿದರೂ ಆ ಶಿಖರದ ಭಾಷೆಯಲ್ಲಿ ಬಯ್ಯುತ್ತಿತ್ತು. ಅಷ್ಟರಲ್ಲಿ ಸಂಜೆಯಾಗಿ, ಅಮ್ಮ ತಲೆ ಬಾಚಿಕೊಂಡು ಬಾಗಿಲಲ್ಲಿ ಬಂದು ನಿಂತಳು. ಅವಳ ಸ್ಟೂಲಿನ ಮೇಲೆ ಮೇಷ್ಟ್ರು ಕೂತಿದ್ದರು.

"ಅಳಿಯಂದ್ರೇ, ಇವತ್ತು..."

"ನಾಳೆ ಅತ್ತೆ! ನಾಳೆ ನೋಡಿ, ಹೇಗಿರುತ್ತೆ!"

ಅಮ್ಮ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದಳು. ಇವರಿಬ್ಬರೂ ತಿರುಗಿ ನೋಡಲಿಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಎಲ್ಲವನ್ನೂ ಅಳಿಸಿ ಮತ್ತೆ ಶುರು ಮಾಡಿದರು. ಈ ಸಲ ಮೇಷ್ಟ್ರಿಗೆ ಟೀ ಕೊಡಲಿಲ್ಲ. ಪಟ್ಟಿಯಲ್ಲಿ ಕನ್ನಡವೂ ಇತ್ತು! ತಾರೀಖು ಮರೆಯುವ ರೋಗಕ್ಕೆ ಒಳಗಿದ್ದ ಗುಂಡಗಿನ ಸಣ್ಣ ಸೆಲ್ಲನ್ನೂ ಬದಲಾಯಿಸಿದರು. ಇನ್ನು ಯಾವ ಕೀಲಿಯನ್ನೂ ಒತ್ತಬೇಕಾಗಿರಲಿಲ್ಲ. ಎದ್ದ ಕೂಡಲೇ ತಾನಾಗಿ ಇಸ್ಪೀಟು ಬರುವ ಹಾಗೆ ಮಾಡಿದರು. ಸಂಜೆ ಅಮ್ಮನನ್ನು ಕರೆತಂದು ಸ್ಟೂಲಿನ ಮೇಲೆ ಕೂರಿಸಿ, "ಅತ್ತೆ, ಈಗ ನೀವೇ ಒತ್ತಿ" ಅಂದರು.

ಅಮ್ಮ ಒತ್ತಿದಳು. ಇವರು ತಮ್ಮ ಸ್ಟೂಲು ಎಳೆದು ಕೂರುವಷ್ಟರಲ್ಲಿ ಎಲೆಗಳು ಹಾಸಿಕೊಂಡು ಬಿದ್ದಿದ್ದವು.

ಮೇಷ್ಟ್ರು ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆಯಾಯಿತು ಅನ್ನಿ. ಅಮ್ಮ ಪರದೆಯನ್ನೂ ಇವರನ್ನೂ ನೋಡಿ, "ತುಂಬಾ ಚೆನ್ನಾಗಿದೆ ಅಳಿಯಂದ್ರೇ. ಕೆಲಸ ಕಲ್ತಿದೀರಿ" ಅಂದಳು. ಇವರು ಉಬ್ಬಿಹೋದರು. ಇನ್ನು ಅಲ್ಲಿ ಕೂತು ಒತ್ತುವುದಕ್ಕೆ ಏನೂ ಇರಲಿಲ್ಲವಲ್ಲ, ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿಕೊಂಡು ಬೀದಿಯವರಿಗೆ ಸುದ್ದಿ ಮುಟ್ಟಿಸಲು ಹೊರಟರು. ಅಮ್ಮ ಒಬ್ಬಳೇ ಕೂತು ಎಲೆ ಜೋಡಿಸಿದಳು.

ಮಾರನೆಯ ಸಂಜೆ ಅವಳು ಯಾರನ್ನೂ ಕರೆಯಲಿಲ್ಲ. ತಾನೇ ಹಾಕಿದಳು, ಆಡಿದಳು, ಆರಿಸಿದಳು. ಅದರ ಮಾರನೆಯ ಸಂಜೆ ಹಾಕಲೇ ಇಲ್ಲ. ಕೋಣೆಯಲ್ಲಿ ಬಟ್ಟೆ ಮಡಿಸುತ್ತಾ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಭಾನುವಾರ ಅಕ್ಕನ ಜೊತೆ ಹೋಗ್ತೀನಿ ಕಣೇ" ಅಂದಳು. "ನಿಮಗೂ ನಿಮ್ಮ ನಿಮ್ಮ ಕೆಲಸ ಇರುತ್ತೆ. ನೀನು ಬೆಳಗ್ಗಿಂದ ಮೆಷಿನ್ ಮುಂದೆ, ಅವರು ಅಂಗಡೀಲಿ. ನಾನು ಯಾಕೆ ಮಧ್ಯೆ."

ನಾನು ಅವಳ ಕೈಯಲ್ಲಿದ್ದ ಬಟ್ಟೆ ಕಸಿದುಕೊಂಡೆ. "ಅಮ್ಮಾ, ಏನಾಯ್ತು? ನಾನೇನಾದ್ರೂ ಅಂದೆನಾ?"

"ಛೇ, ಯಾರೂ ಏನೂ ಅಂದಿಲ್ಲ."

ಹೊರಗೆ ಬಂದು ನಮ್ಮನೆಯವರಿಗೆ ಹೇಳಿದೆ. ಅವರು ಕುರ್ಚಿಯ ಮೇಲೆ ಕುಸಿದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ಅಪ್ಪ ಹೋದ ದಿನ ಬಿಟ್ಟರೆ ಅವತ್ತೇ ನೋಡಿದ್ದು. ಆಮೇಲೆ ಥಟ್ಟನೆ ಎದ್ದು ನಿಂತರು.

"ಗೊತ್ತಾಯ್ತು! ಡೋಸು ಸಾಲ್ತಿಲ್ಲ!"

"ಏನು?"

"ಷಡ್ಡಕರದ್ದು ಮುಟ್ಟೋದೇ ತಡ ಓಡುತ್ತೆ ಅಂದ್ರಲ್ಲ. ನಮ್ಮದು ಇನ್ನೂ ಒಂದು ಉಸಿರು ಎಳೆಯೋಷ್ಟು ಹೊತ್ತು ತಗೊಳ್ತಿದೆ. ಅತ್ತೆಗೆ ಅದೂ ಭಾರ ಆಗ್ತಿದೆ!"

ನಾನು ತಲೆ ಚಚ್ಚಿಕೊಂಡೆ. ಕೇಳುವವರು ಯಾರು? ಶನಿವಾರ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಹಗುರವಾದದ್ದನ್ನು ಇನ್ನೂ ಹಗುರ ಮಾಡಲು ಕೂತರು. ಪರದೆಯ ಹಿಂದಿನ ಚಿತ್ರ ಹೋಯಿತು. ಗಡಿಯಾರ ಹೋಯಿತು. ಟಿಂಗ್ ಅನ್ನುವ ಸದ್ದು ಹೋಯಿತು. ಮೇಷ್ಟ್ರು ಪಕ್ಕದಲ್ಲಿ ನಿಂತು "ಕನ್ನಡ ಮಾತ್ರ ತೆಗೀಬೇಡ್ರೀ, ಮತ್ತೆ ಆ ದ್ವೀಪ ಬಂದೀತು" ಅನ್ನುತ್ತಿದ್ದರು. ಕೊನೆಗೆ ಬೋಳು ಪರದೆ, ಅದರ ಮೇಲೆ ಇಸ್ಪೀಟು, ಇಷ್ಟೇ ಉಳಿಯಿತು. ಗುಂಡಿಯಿಂದ ಬೆರಳು ತೆಗೆಯುವ ಮುಂಚೆಯೇ ಎಲೆ ಬಂದುಬಿಡುತ್ತಿತ್ತು ಅಂತ ಮೇಷ್ಟ್ರು ಇವತ್ತಿಗೂ ಆಣೆ ಮಾಡಿ ಹೇಳುತ್ತಾರೆ.

ಭಾನುವಾರ ಕಾರು ಬಂತು. ಅಕ್ಕ ಬಂದಳು, ಭಾವ ಬಂದರು, ಭಾವನ ಕಂಕುಳಲ್ಲಿ ಅವರ ಲ್ಯಾಪ್‌ಟಾಪೂ ಬಂತು. ನಮ್ಮನೆಯವರು ಅವರಿಗೆ ಕೂರಲೂ ಬಿಡಲಿಲ್ಲ.

"ಪಂದ್ಯ ಆಗಿಬಿಡಲಿ. ನಿಮ್ಮದು ಮೊದಲೋ, ನಮ್ಮದು ಮೊದಲೋ?"

"ಇದರ ಜೊತೆನಾ?" ಅಂತ ಭಾವ ನಕ್ಕರು. ಮೇಷ್ಟ್ರು ಕರೆಯದೆಯೇ ಅಂಪೈರಾಗಿ ಮಧ್ಯೆ ನಿಂತರು. "ರೆಡೀ... ಹೂಂ!" ಅಂದರು.

ನಮ್ಮ ಡಬ್ಬ ಎಲೆ ಹಾಸಿತು. ಭಾವನ ಲ್ಯಾಪ್‌ಟಾಪು ಏನೋ ಹೊಸದನ್ನು ತುಂಬಿಕೊಳ್ಳುತ್ತಿದ್ದೇನೆ, ದಯವಿಟ್ಟು ಆರಿಸಬೇಡಿ ಅಂದಿತು. ಅಕ್ಕನೂ ಚಪ್ಪಾಳೆ ತಟ್ಟಿದಳು. ಭಾವ ದೊಡ್ಡ ಮನಸ್ಸು ಮಾಡಿ ಕೈ ಕುಲುಕಿದರು. ನಮ್ಮನೆಯವರು ಗೆದ್ದ ಮುಖ ಹೊತ್ತುಕೊಂಡು ಅಮ್ಮನ ಕಡೆ ತಿರುಗಿದರು.

ಅಮ್ಮ ಹೊರಡಲು ಸಿದ್ಧವಾಗಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು.

ಇವರ ಮುಖ ಇಳಿದುಹೋಯಿತು. ಎಲ್ಲರ ಎದುರಿಗೆ, "ಅತ್ತೆ, ಇನ್ನೂ ಎಷ್ಟು ಬೇಗ ಆಗಬೇಕು ಹೇಳಿ. ಏನು ಬೇಕಾದ್ರೂ ಮಾಡ್ತೀನಿ. ಹೋಗಬೇಡಿ" ಅಂದರು. ಆ ಕೊನೆಯ ಮಾತು ಅವರ ಬಾಯಿಂದ ಬಂದದ್ದು ಅವರಿಗೇ ಆಶ್ಚರ್ಯವಾಗಿರಬೇಕು.

ಅಮ್ಮ ಅವರನ್ನೇ ನೋಡಿದಳು. "ಬೇಗ ಆಗಲಿ ಅಂತ ನಿಮಗೆ ಯಾರು ಹೇಳಿದ್ದು ಅಳಿಯಂದ್ರೇ?"

"ದಿನಾ ಕಾಯ್ತಿದ್ರಲ್ಲ ಅತ್ತೆ..."

"ಕಾಯೋದೇ ಚೆನ್ನಾಗಿತ್ತಪ್ಪಾ!" ಅಮ್ಮನ ದನಿ ಸ್ವಲ್ಪ ಏರಿತು. "ಜೀವಮಾನ ಪೂರ್ತಿ ನನ್ನ ಕೆಲಸ ಅದೇ ಅಲ್ವಾ? ಲೈನ್ ಸಿಗೋ ತನಕ ಮಾತಾಡಿಸೋದು. ಸಿಕ್ಕಿದ ಮೇಲೆ ಅವರವರ ಮಾತು ಅವರವರಿಗೆ, ನಾನು ಪಕ್ಕಕ್ಕೆ ಸರೀಬೇಕು. ಇಲ್ಲಿ ದಿನಾ ಸಂಜೆ ನೀವು ಬಂದು ಪಕ್ಕದಲ್ಲಿ ಕೂರ್ತಿದ್ರಿ. ನಿಮ್ಮ ಮಾವ ಹೋದ ಮೇಲೆ ನನ್ನ ಹತ್ತಿರ ಅಷ್ಟು ಹೊತ್ತು ಯಾರು ಕೂತಿದ್ರು? ಇಸ್ಪೀಟು ಯಾರಿಗೆ ಬೇಕು? ಈಗ ನೋಡಿ, ಗುಂಡಿ ಒತ್ತಿದ್ರೆ ಎಲೆ ಬರುತ್ತೆ, ನೀವು ಎದ್ದು ಹೋಗ್ತೀರಿ."

ಅಂಪೈರಾಗಿ ನಿಂತಿದ್ದ ಮೇಷ್ಟ್ರು ಮೆಲ್ಲನೆ ಪಕ್ಕಕ್ಕೆ ಸರಿದರು. ನನಗೆ ಅಳು ಬಂತು. ಅಡುಗೆಮನೆಯಿಂದ ಅವರ ನಗು ಕೇಳುತ್ತಿದ್ದವಳು ನಾನೇ ಅಲ್ಲವೇ, ನನಗಾದರೂ ಹೊಳೆಯಬಾರದಿತ್ತೇ?

ನಮ್ಮನೆಯವರು ಅಮ್ಮನ ಮುಖವನ್ನು ಕಣ್ಣಿಟ್ಟು ನೋಡಿದರು. ಆಮೇಲೆ, "ಹಾಳುಮಾಡಿದ್ದು ನಾನೇ ಅತ್ತೆ. ಹಳೇದನ್ನೇ ಮತ್ತೆ ಹಾಕ್ತೀನಿ. ಮೊದಲಿನಷ್ಟೇ ನಿಧಾನ ಮಾಡ್ತೀನಿ. ಬೇಕಾದ್ರೆ ಇನ್ನೂ ನಿಧಾನ ಮಾಡ್ತೀನಿ" ಅಂದರು.

"ಇನ್ನು ಅದರ ಮೇಲೆ ಕೈ ಇಟ್ರೆ ನೋಡಿ ಮತ್ತೆ!" ಅಂದಳು ಅಮ್ಮ. "ಇದು ಹೀಗೇ ಇರಲಿ. ನೀವು ಬಂದು ಕೂತ್ಕೊಳ್ಳಿ, ಸಾಕು."

ಇವರು ಎರಡೂ ಸ್ಟೂಲು ಎಳೆದು ಹಾಕಿದರು. ಅಮ್ಮ ಕೂತಳು, ಇವರು ಕೂತರು. ಪಂದ್ಯ ಗೆದ್ದ ಆಟ ಪರದೆಯ ಮೇಲೆ ಹಾಗೆಯೇ ಕಾದಿತ್ತು. ಅಮ್ಮ ಒಂದು ಎಲೆ ಸರಿಸಿದಳೋ ಇಲ್ಲವೋ, ಇವರು ಶುರು ಮಾಡಿದರು. "ಅತ್ತೆ, ಆ ಎಂಟನ್ನ ಈ ಒಂಬತ್ತರ ಮೇಲೆ ಹಾಕಿ."

"ಕಾಣುತ್ತೆ ನನಗೆ."

"ಹಾಗಾದ್ರೆ ರಾಣಿನಾ ಅಲ್ಲಿಗೆ..."

"ಸುಮ್ಮನೆ ಕೂತ್ಕೊಳ್ಳೋ ಮಾರಾಯ! ಎಲ್ಲಾ ನೀನೇ ಹೇಳಿಬಿಟ್ರೆ ನಾನು ಆಡೋದೇನು?"

ಮಾವನ ಮನೆಗೆ ಅಳಿಯನಾಗಿ ಬಂದಾಗಿನಿಂದ ಬೈಗುಳ ತಿನ್ನದ ಮನುಷ್ಯ ಕಿವಿಯಿಂದ ಕಿವಿಗೆ ನಕ್ಕರು. ಬಾಗಿಲಲ್ಲಿ ನಿಂತಿದ್ದ ಭಾವ ಕಾರಿನ ಕೀ ಕೈಯಲ್ಲಿ ತಿರುಗಿಸುತ್ತಾ, "ಅತ್ತೆ, ಹೊರಡೋಣ್ವಾ?" ಅಂತ ಕೇಳಿದರು.

ಅಮ್ಮ ಪರದೆಯಿಂದ ಕಣ್ಣು ಕೀಳದೆ, "ಅಷ್ಟು ದೂರದಿಂದ ಬಂದಿದೀರಿ, ಹಾಗೆ ಹೇಗೆ ಹೋಗ್ತೀರಾ? ನಮ್ಮನೇಲಿ ಊಟ ಮಾಡ್ಕೊಂಡು, ಸ್ವಲ್ಪ ಮಲಗೆದ್ದು, ನಿಧಾನವಾಗಿ ಹೊರಡಿ" ಅಂದಳು.

ನಾನು ಓಡಿಹೋಗಿ ಇನ್ನೊಂದಷ್ಟು ಅಕ್ಕಿ ತೊಳೆದಿಟ್ಟೆ.